ಮೋಟಾರು ಪಂದ್ಯದ ಹಳೆಯ ಕಣಗಳು

ಮೋಟಾರುಗಾಡಿಗಳ ಪಂದ್ಯವೆಂದರೆ ಹಣವಂತರ ವಿನೋದವೆಂದೂ ಜನಜಂಗುಳಿಯ ಗದ್ದಲವೆಂದೂ ಅನೇಕರು ಭಾವಿಸುವುದುಂಟು. ಆದರೆ ಅಮೆರಿಕೆಯ ಆರಂಭಕಾಲದ ಪಂದ್ಯಕಣಗಳ ಚರಿತ್ರೆಯು ವಿಜ್ಞಾನ ವಿದ್ಯಾರ್ಥಿಗಳ ಗಮನಕ್ಕೆ ಅರ್ಹವಾದುದೆಂದು ನಾವು ನಂಬುತ್ತೇವೆ. ನಾವು ಪುಸ್ತಕದಲ್ಲಿ ಓದುವ ಚಲನನಿಯಮಗಳನ್ನು ಮಣ್ಣು, ಮರ, ಇಟ್ಟಿಗೆಗಳ ಮೇಲೆ, ಕೆಲವೊಮ್ಮೆ ಪ್ರಾಣವನ್ನೇ ತೆತ್ತು, ಪರೀಕ್ಷಿಸಿದ ಸ್ಥಳಗಳವು.

1895ರ ನವೆಂಬರ್ 28ರಂದು ಚಿಕಾಗೋ ನಗರದಿಂದ ಇವಾನ್‌ಸ್ಟನ್ನಿಗೆ ಹೋಗಿ ಮರಳುವ ಪಂದ್ಯವೊಂದು ನಡೆಯಿತು. ದೂರ ಸುಮಾರು 54 ಮೈಲಿ. ಹಿಮ ಕವಿದ ರಸ್ತೆಯಲ್ಲಿ ಗೆದ್ದ ಫ್ರಾಂಕ್ ಡ್ಯುರಿಯೆಯ ಸರಾಸರಿ ವೇಗ ಗಂಟೆಗೆ ಸುಮಾರು 7 ಮೈಲಿ ಮಾತ್ರ! ಮುಂದೆ ವೇಗ ಹೆಚ್ಚಿದಂತೆ ಪಂದ್ಯಗಳು ಜಾತ್ರೆಯ ಮೈದಾನಗಳಲ್ಲಿದ್ದ ಕುದುರೆಪಂದ್ಯದ ಕಣಗಳನ್ನು ಆಶ್ರಯಿಸಿದವು. ಮಿಲ್ವಾಕಿಯಲ್ಲಿ 1903ರಲ್ಲಿ ಮೋಟಾರು ಪಂದ್ಯ ನಡೆದ ಒಂದು ಮೈಲಿಯ ಕಣವು ಅಂಥದೇ. ಅದು ಇಂದಿಗೂ ಉಳಿದಿದೆ.

ಇಂಡಿಯಾನಾಪೊಲಿಸ್ ನಗರದಲ್ಲಿ ಎರಡೂವರೆ ಮೈಲಿ ಸುತ್ತಳತೆಯ ಕಣವು 1909ರಲ್ಲಿ ಸಿದ್ಧವಾಯಿತು. ಜಲ್ಲಿ ಮತ್ತು ಟಾರಿನಿಂದ ಮಾಡಿದ ಅದರ ನೆಲವು ಆ ಆಗಸ್ಟಿನ ಪಂದ್ಯಗಳಲ್ಲಿಯೇ ಕಿತ್ತುಹೋಯಿತು, ಐವರು ಮಡಿದರು. ಅದೇ ವರ್ಷ ಸುಮಾರು 32 ಲಕ್ಷ ಇಟ್ಟಿಗೆಗಳನ್ನು ಹಾಸಿ ನೆಲವನ್ನು ಗಟ್ಟಿಗೊಳಿಸಲಾಯಿತು.

ನೆಲದ ಗುಣಕ್ಕೆ ಇಷ್ಟು ಮಹತ್ತ್ವವೇಕೆ? ಅಲ್ಲಿಯ ಪ್ರತಿಯೊಂದು ತಿರುವೂ ಕಾಲು ಮೈಲಿ ಉದ್ದ; ಅದರ ಓರೆ 9 ಡಿಗ್ರಿಗಿಂತ ತುಸು ಹೆಚ್ಚು. ತಿರುವನ್ನು ವೃತ್ತದ ನಾಲ್ಕನೆಯ ಒಂದು ಭಾಗವೆಂದೆಣಿಸಿದರೆ ತ್ರಿಜ್ಯವು ಸುಮಾರು 840 ಅಡಿಯಾಗುತ್ತದೆ. ಘರ್ಷಣೆಯ ನೆರವಿಲ್ಲದೆ, ಓರೆಯೊಂದರಿಂದಲೇ ಗಾಡಿ ತಿರುಗಬಲ್ಲ ವೇಗ ಗಂಟೆಗೆ ಸುಮಾರು 45 ಮೈಲಿ ಎಂದು ಲೆಕ್ಕದಿಂದ ತಿಳಿಯುತ್ತದೆ. ಆದರೆ 1911ರ ಮೊದಲ 500 ಮೈಲಿಗಳ ಪಂದ್ಯವನ್ನು ರೇ ಹ್ಯಾರೂನ್ ಗೆದ್ದುದು ಸರಾಸರಿ ಸುಮಾರು 75 ಮೈಲಿ ವೇಗದಲ್ಲಿ. ಬೇಕಾದ ಕೇಂದ್ರಾಭಿಮುಖ ಬಲವು ವೇಗದ ವರ್ಗಕ್ಕನುಸಾರವಾಗಿ ಏರುವುದರಿಂದ, ಉಳಿದ ಭಾರವೆಲ್ಲ ಘರ್ಷಣೆಯ ಮೇಲೆ ಬೀಳುತ್ತದೆ. ನೆಲ ಸಡಿಲವಾದರೆ ಗತಿಯೇನೆಂಬುದನ್ನು ವಾಚಕರೇ ಊಹಿಸಬಹುದು.

ಓರೆಯನ್ನೇ ಕಡಿದಾಗಿಸುವುದು ಮತ್ತೊಂದು ಉಪಾಯ. 1910ರಲ್ಲಿ ಲಾಸ್ ಏಂಜಲೀಸಿನ ಬಳಿ ಪ್ಲಾಯಾ ಡೆಲ್ ರೇಯಲ್ಲಿ ಮರದ ಕಣವೊಂದನ್ನು ಕಟ್ಟಿದರು. ಬೇರೆಡೆಗಳಲ್ಲಿಯೂ ಅಂಥವು ಎದ್ದವು. ವೇಗವೇನೋ ಹೆಚ್ಚಿತು. ಆದರೆ ಮಳೆಬಿಸಿಲುಗಳಿಗೆ ಹಲಗೆಗಳು ಶಿಥಿಲವಾದವು. 1930ರ ದಶಕದ ಆರಂಭದ ವೇಳೆಗೆ ಇವು ಬಹುಮಟ್ಟಿಗೆ ಅಳಿದವು. ಪೆನ್ಸಿಲ್ವೇನಿಯದ ಲ್ಯಾಂಗ್‌ಹಾರ್ನ್ ಕಣವು 1926ರಲ್ಲಿ ಆರಂಭವಾಯಿತು. ಅದು ನೇರದಾರಿಯೇ ಇಲ್ಲದೆ ಬಹುಪಾಲು ವೃತ್ತಾಕಾರವಾಗಿದ್ದು, ಚಾಲಕನಿಗೆ ಕ್ಷಣಕಾಲವೂ ಬಿಡುವಿರಲಿಲ್ಲ. 1971ರಲ್ಲಿ ಅದು ಮುಚ್ಚಿತು, ಅಲ್ಲೀಗ ಅಂಗಡಿಗಳಿವೆ.

ಇಂಡಿಯಾನಾಪೊಲಿಸ್ ಕಣಕ್ಕೆ 1987ರಲ್ಲಿ ರಾಷ್ಟ್ರೀಯ ಸ್ಮಾರಕದ ಮನ್ನಣೆ ದೊರಕಿತು, ಇದು ಉಚಿತವೇ. ಆದರೆ ಹಿರಿಯ ಕಣವೊಂದನ್ನು ಕಾಪಾಡಿದ ಮಾತ್ರಕ್ಕೆ ಚರಿತ್ರೆ ಉಳಿಯದು. ಆ ಕಾಲದ ದೊಡ್ಡ ಪಂದ್ಯಗಳು ಕಪ್ಪುವರ್ಣೀಯರಿಗೆ ಮುಚ್ಚಿದ್ದವು. ಅವರು 1924ರಿಂದ ಅದೇ ನಗರದ ಜಾತ್ರೆಯ ಮೈದಾನದಲ್ಲಿ, ಮಣ್ಣಿನ ಕಣದ ಮೇಲೆ, 'ಗೋಲ್ಡ್ ಅಂಡ್ ಗ್ಲೋರಿ' ಎಂಬ ತಮ್ಮದೇ ಪಂದ್ಯವನ್ನು ನಡೆಸಿದರು. ಚಾರ್ಲಿ ವಿಗ್ಗಿನ್ಸ್ ಎಂಬ ನಿಪುಣ ಯಂತ್ರಕುಶಲಿ ಅದನ್ನು ನಾಲ್ಕು ಬಾರಿ ಗೆದ್ದನು. 1936ರ ಅಪಘಾತದಲ್ಲಿ ಕಾಲನ್ನು ಕಳೆದುಕೊಂಡನು. ದೊಡ್ಡ ಕಣದ ದಾಖಲೆಗಳನ್ನಷ್ಟೇ ಓದಿದವನಿಗೆ ಈತನ ಹೆಸರೂ ತಿಳಿಯದು.

ಇಷ್ಟೊಂದು ಜೀವಗಳನ್ನು ಬಲಿಗೊಂಡ ಆಟವನ್ನು ನೆನೆಯುವುದೇಕೆಂದು ಕೆಲವರು ಕೇಳಬಹುದು. ಆಕ್ಷೇಪಣೆ ನ್ಯಾಯವಾದುದೇ. ಅಪಾಯವನ್ನು ಸಾಹಸವೆಂದು ಹೊಗಳುವುದು ನಮ್ಮ ಉದ್ದೇಶವಲ್ಲ. ಸೋತ ಪ್ರಯೋಗದ ವಿವರಗಳನ್ನು ಹರಿದೊಗೆಯುವ ವಿದ್ಯಾರ್ಥಿಯನ್ನು ಪ್ರಯೋಗಶಾಲೆಯಲ್ಲಿ ನಾವು ಮೆಚ್ಚುವುದಿಲ್ಲ. ಇಲ್ಲಿಯೂ ಅದೇ ನಿಯಮ ಸಲ್ಲಬೇಕು. ಎಲ್ಲ ಕಣಗಳನ್ನೂ ಉಳಿಸುವುದು ಅಸಾಧ್ಯ. ಆದರೆ ಅಳಿಯುತ್ತಿರುವ ಪ್ರತಿಯೊಂದು ಕಣದ ತ್ರಿಜ್ಯ, ಓರೆ, ನೆಲದ ರಚನೆ, ಅಪಘಾತಗಳ ವಿವರ, ಅಲ್ಲಿ ಓಡಿದವರ ಹೆಸರು ಇವನ್ನಾದರೂ ಆಯಾ ಊರಿನವರು ಬರೆದಿಡಬೇಕು. ಅಳತೆಪಟ್ಟಿಯೊಂದನ್ನು ಹಿಡಿದು ಹೊರಟರೆ ಅಲ್ಲಿಯ ಕಾಲೇಜು ವಿದ್ಯಾರ್ಥಿಗಳೇ ಈ ಕೆಲಸವನ್ನು ಮಾಡಬಲ್ಲರು.