ನೆಲವೂ ಡೊಂಕಿರಬಹುದು

ಕುಣಿಯಲಾರದವಳು ನೆಲ ಡೊಂಕೆಂದಳೆಂಬ ಗಾದೆಯನ್ನು ಕೇಳಿ ನಗದವರಿಲ್ಲ. ಆದರೆ ನೆಲವು ನಿಜವಾಗಿಯೂ ಡೊಂಕಾಗಿದೆಯೋ ಏನೋ ಎಂದು ಬಗ್ಗಿ ನೋಡಿದವರು ಎಷ್ಟು ಮಂದಿ? ಹಾಗೆ ನೋಡುವುದನ್ನೇ ಒಂದು ವಿದ್ಯೆಯಾಗಿ ಬೆಳೆಸಿದವರಲ್ಲಿ ಅಮೆರಿಕದ ಡೊನಾಲ್ಡ್ ನಾರ್ಮನ್ ಪ್ರಮುಖರು. ಎಳೆಯಬೇಕಾದ ಬಾಗಿಲನ್ನು ಜನರು ತಳ್ಳುತ್ತಾರೆ. ಸಾಲಾಗಿರುವ ನಾಲ್ಕು ತಿರುಪುಗಳಲ್ಲಿ ಯಾವುದು ಯಾವ ಉರಿಗೆಂದು ತಿಳಿಯದೆ ಒಲೆಯ ಮುಂದೆ ತಬ್ಬಿಬ್ಬಾಗುತ್ತಾರೆ. ತಪ್ಪು ಜನರದಲ್ಲ, ವಸ್ತುವನ್ನು ರೂಪಿಸಿದವನದು ಎಂದು ಅವರು 1988ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ವಾದಿಸಿದರು. 1993ರಲ್ಲಿ ಆಪಲ್ ಸಂಸ್ಥೆಯನ್ನು ಸೇರಿದಾಗ ‘ಯೂಸರ್ ಎಕ್ಸ್‌ಪೀರಿಯನ್ಸ್’, ಅಂದರೆ ಬಳಸುವವನ ಅನುಭವ, ಎಂಬ ಮಾತು ಅವರ ಹುದ್ದೆಯ ಹೆಸರಿನಲ್ಲಿಯೇ ಸೇರಿತು.

ಹಣ ಕಳುಹಿಸುವುದೂ ರೈಲಿನ ಟಿಕೆಟ್ಟು ಕೊಳ್ಳುವುದೂ ಅಂಗೈಯಗಲದ ಪರದೆಯ ಮೇಲೆಯೇ ನಡೆಯುವ ಈ ಕಾಲದಲ್ಲಿ ಆ ವಿದ್ಯೆಯನ್ನು ಕಲಿಯಬಯಸುವ ಉದ್ಯೋಗಸ್ಥರು ಅನೇಕರು. ದಿನವಿಡೀ ಕಚೇರಿಯಲ್ಲಿ ದುಡಿದು, ಮನೆಮಂದಿಯ ಊಟ ಮುಗಿದ ಮೇಲೆ ಉಳಿಯುವ ಒಂದು ಗಂಟೆಯೇ ಅವರ ಪಾಠಶಾಲೆ. ಅಂಥವರಿಗೆ ಇಂಟರ್‌ನೆಟ್ಟಿನ ಮೂಲಕ ಪಾಠ ಹೇಳುವ ಅಧ್ಯಾಪಕನಿಗೆ ಒಂದು ಸಂಕಟವುಂಟು. ಎದುರಿಗೆ ಕುಳಿತ ವಿದ್ಯಾರ್ಥಿಯ ಹುಬ್ಬು ಗಂಟಿಕ್ಕಿದರೆ ಅದು ಕಣ್ಣಿಗೆ ಬೀಳುತ್ತದೆ. ಸಾವಿರ ಮೈಲಿಯಾಚೆಯದು ಬೀಳುವುದಿಲ್ಲ. ಪಾಠ ತೊಡಕಾದರೆ ಕಲಿಯುವವನು ‘ಇದು ನನ್ನ ತಲೆಗೆ ಹತ್ತದು’ ಎಂದು ತನ್ನನ್ನೇ ಹಳಿದುಕೊಂಡು, ಸದ್ದಿಲ್ಲದೆ ಬಿಟ್ಟುಹೋಗುತ್ತಾನೆ.

2012ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸ್ಕಾಟ್ ಕ್ಲೆಮ್ಮರ್ ಅವರು ಕೋರ್ಸೆರಾದ ಮೂಲಕ ಇಂಥ ಪಾಠವೊಂದನ್ನು ಲೋಕಕ್ಕೆಲ್ಲ ತೆರೆದರು. ಮನುಷ್ಯನಿಗೂ ಗಣಕಯಂತ್ರಕ್ಕೂ ನಡುವಣ ವ್ಯವಹಾರವೇ ಅದರ ವಿಷಯ. ಸರಿಯುತ್ತರಕ್ಕೆ ಗುರುತು ಹಾಕುವ ಪರೀಕ್ಷೆಯಾದರೆ ಯಂತ್ರವೇ ಅಂಕ ಕೊಡಬಲ್ಲದು. ಆದರೆ ವಿದ್ಯಾರ್ಥಿಯು ಬರೆದು ಕಳುಹಿಸುವ ಹೊಸ ವಿನ್ಯಾಸವನ್ನು ಯಂತ್ರವು ಅಳೆಯಲಾರದು. ಸಾವಿರಾರು ವಿನ್ಯಾಸಗಳನ್ನು ಬೆರಳೆಣಿಕೆಯ ಅಧ್ಯಾಪಕರೂ ನೋಡಲಾರರು. ಆದುದರಿಂದ ವಿದ್ಯಾರ್ಥಿಗಳೇ ಪರಸ್ಪರ ಪರೀಕ್ಷಕರಾದರು. ಅಧ್ಯಾಪಕರು ಮೊದಲೇ ಅಂಕವಿತ್ತ ಕೆಲವು ಮಾದರಿಗಳ ಮೇಲೆ ಕೈ ಪಳಗಿಸಿಕೊಂಡು, ಬಳಿಕ ಸಹಪಾಠಿಗಳ ಕೆಲಸಕ್ಕೂ ಕಡೆಗೆ ತಮ್ಮದಕ್ಕೂ ಅಂಕ ಕೊಡಬೇಕು, ಇದು ಏರ್ಪಾಡು.

ಫಲಿತಾಂಶವನ್ನು ಕ್ಲೆಮ್ಮರ್ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದರು. ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ಮಾತು ಅಲ್ಲಿಯೂ ಸುಳ್ಳಾಗಲಿಲ್ಲ: ಅಧ್ಯಾಪಕರು ಕೊಟ್ಟುದಕ್ಕಿಂತ ಸರಾಸರಿ ಶೇಕಡಾ 7ರಷ್ಟು ಹೆಚ್ಚು ಅಂಕವನ್ನು ವಿದ್ಯಾರ್ಥಿಗಳು ತಮ್ಮ ಕೃತಿಗಳಿಗೆ ಕೊಟ್ಟುಕೊಂಡಿದ್ದರು. ಸ್ವದೇಶದವರ ಕೆಲಸಕ್ಕೆ ಹೊರದೇಶದವರದಕ್ಕಿಂತ ಶೇಕಡಾ 3.6ರಷ್ಟು ಹೆಚ್ಚು ಔದಾರ್ಯ ದೊರೆತಿತ್ತು. ಆದರೂ ಎರಡನೆಯ ಸಲ ಪಾಠ ನಡೆದಾಗ, ಶೇಕಡಾ 65.5ರಷ್ಟು ವಿದ್ಯಾರ್ಥಿಗಳು ಪಡೆದ ಅಂಕಗಳು ಅಧ್ಯಾಪಕರ ಅಂಕಗಳಿಂದ ಶೇಕಡಾ 10ರೊಳಗೇ ಇದ್ದವು.

ಉಳಿದ ವ್ಯತ್ಯಾಸಕ್ಕೆ ಕಾರಣವೇನು? ವಿದ್ಯಾರ್ಥಿಗಳ ಅಜ್ಞಾನವೆಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭವಿತ್ತು. ಅವರು ಹಾಗೆ ಮಾಡದೆ ಎರಡು ಕಡೆಯೂ ನೋಡಿದರು. ಒಬ್ಬನ ಕೈ ಧಾರಾಳವೋ ಬಿಗಿಯೋ ಎಂಬುದನ್ನು ಅವನಿಗೇ ತಿಳಿಸಿದಾಗ ಅವನ ಮುಂದಿನ ತೀರ್ಪು ಸುಧಾರಿಸಿತು. ಅಷ್ಟಕ್ಕೇ ನಿಲ್ಲದೆ, ಅಂಕ ಕೊಡುವವರಲ್ಲಿ ಹೆಚ್ಚು ಭಿನ್ನಾಭಿಪ್ರಾಯ ಮೂಡಿಸಿದ ಸೂತ್ರಗಳಾವುವೆಂದು ಹುಡುಕಿ, ಆ ವಾಕ್ಯಗಳನ್ನೇ ತಿದ್ದಿದರು. ‘ವಿನ್ಯಾಸ ಚೆನ್ನಾಗಿದೆಯೇ?’ ಎಂದು ಕೇಳಿದರೆ ಹತ್ತು ಜನರ ಉತ್ತರ ಹತ್ತು ಬಗೆ. ‘ಮೊದಲ ಬಾರಿ ನೋಡುವವನಿಗೆ ಮುಂದೇನು ಮಾಡಬೇಕೆಂದು ತಿಳಿಯುವುದೇ?’ ಎಂದರೆ ಉತ್ತರಗಳು ಹತ್ತಿರ ಬರುತ್ತವೆ. ಸೂತ್ರಗಳನ್ನು ಹೀಗೆ ಸ್ಪಷ್ಟಪಡಿಸಿದ ಮೇಲೆ, ಅಂಕಗಳ ಮಧ್ಯಮ ದೋಷವು ಶೇಕಡಾ 12.4ರಿಂದ 9.9ಕ್ಕೆ ಇಳಿಯಿತು. ತೊಡಕಿನ ಒಂದು ಪಾಲು ಪ್ರಶ್ನೆ ಬರೆದವರ ಮಾತಿನಲ್ಲಿಯೇ ಇತ್ತು.

ಬಳಸುವವನನ್ನು ಹಳಿಯಬೇಡಿ ಎಂದು ಬೋಧಿಸುವ ಗುರುವಿಗೆ ತನ್ನ ಪಾಠವೂ ಯಾರೋ ಬಳಸುವ ವಸ್ತುವೇ ಎಂಬುದು ಮರೆಯುವುದುಂಟು. ಇರುಳು ಹತ್ತು ಗಂಟೆಗೆ ಕಣ್ಣುಜ್ಜಿಕೊಂಡು ಪಾಠಕ್ಕೆ ಕೂರುವ ಗುಮಾಸ್ತನೋ ಗೃಹಿಣಿಯೋ ಎಡವಿದರೆ, ಅವರು ದಡ್ಡರೆಂದು ತೀರ್ಮಾನಿಸುವ ಮುನ್ನ ಪಾಠದ ಮೇಲೊಮ್ಮೆ ರಸಮಟ್ಟವಿಟ್ಟು ನೋಡುವುದು ನ್ಯಾಯ. ಕುಣಿಯುವವಳಿಗೆ ಕಲಿಯುವುದು ಇನ್ನೂ ಉಳಿದಿರಬಹುದು. ನೆಲವನ್ನು ಸಮಮಾಡುವ ಹೊಣೆ ಮಾತ್ರ ಅವಳದಲ್ಲ.