ಮಗನಿಗೆ ಹಾಸ್ಟೆಲು, ಮಗಳಿಗೆ ಮನೆಯೆ?

ಹನ್ನೆರಡನೆಯ ತರಗತಿಯ ಫಲಿತಾಂಶ ಹೊರಬಿದ್ದು ಕಾಲೇಜು ಪ್ರವೇಶದ ಗಡಿಬಿಡಿ ಆರಂಭವಾಯಿತೆಂದರೆ, ಎರ್ನಾಕುಲಂ ಮತ್ತು ತಿರುವನಂತಪುರದ ನಮ್ಮ ಕನ್ನಡ ಮನೆಗಳಲ್ಲಿ ಒಂದು ದೂರು ತಪ್ಪದೆ ಕೇಳಿಬರುತ್ತದೆ. "ಮನೆ ಬಿಟ್ಟು ಹೋಗಲು ಈ ಮಕ್ಕಳಿಗೆ ಅದೆಂಥ ಉತ್ಸಾಹ! ಒಂದು ಹನಿ ಕಣ್ಣೀರಾದರೂ ಬೇಡವೆ?" ಉತ್ಸಾಹವಿರುವುದು ನಿಜ. ಅದು ಇರಬಾರದೆನ್ನುವವರು ಯಾರೆಂಬುದನ್ನು ಮಾತ್ರ ಸ್ವಲ್ಪ ನೋಡಬೇಕಾಗಿದೆ.

ಉಡುಪಿ, ಕುಂದಾಪುರದ ಕಡೆಯಿಂದ ಹದಿಮೂರು ಹದಿನಾಲ್ಕರ ವಯಸ್ಸಿನಲ್ಲಿ ಬಂದು, ಹೋಟೆಲಿನ ಹಿತ್ತಿಲಲ್ಲಿ ಲೋಟ ತೊಳೆದು, ಗಲ್ಲಾದವರೆಗೆ ಏರಿದವರು ನಮ್ಮ ಹಿರಿಯರು. ಬ್ಯಾಂಕಿನ ವರ್ಗಾವಣೆಯ ಕಾಗದ ಹಿಡಿದು ಬಂದವರು, ತುಂಬಾದ ರಾಕೆಟ್ ಕೇಂದ್ರಕ್ಕೆ, ಕೊಚ್ಚಿಯ ಶಿಪ್‌ಯಾರ್ಡಿಗೆ ಬಂದವರು ಇನ್ನು ಕೆಲವರು. ಈಚಿನವರು ಟೆಕ್ನೋಪಾರ್ಕಿನವರು, ಇನ್ಫೋಪಾರ್ಕಿನವರು. ಮನೆ ಬಿಟ್ಟಿದ್ದರಿಂದಲೇ ಬದುಕು ಕಟ್ಟಿಕೊಂಡ ಸಮಾಜ ನಮ್ಮದು. ಹೊಟ್ಟೆಪಾಡಿಗೆ ಬಿಟ್ಟೆವೇ ಹೊರತು ಮೋಜಿಗಲ್ಲ ಎಂದು ಹಿರಿಯರು ಹೇಳುತ್ತಾರೆ. ಒಪ್ಪೋಣ. ಆದರೆ ಮೊದಲ ಸಂಬಳದಲ್ಲಿ, ಯಾರನ್ನೂ ಕೇಳದೆ, ಎರಡನೆಯ ಆಟಕ್ಕೆ ಹೋಗಿ ನೋಡಿದ ಸಿನಿಮಾದ ಹೆಸರನ್ನು ಅವರು ಇಂದಿಗೂ ಮರೆತಿಲ್ಲವಲ್ಲ!

ಮಕ್ಕಳು ಎದುರುನೋಡುವುದಾದರೂ ಏನನ್ನು? ಕೊಚ್ಚಿಯವರು ತಿರುವನಂತಪುರಕ್ಕೆ, ತಿರುವನಂತಪುರದವರು ಕಳಮಶ್ಶೇರಿಯ ವಿಶ್ವವಿದ್ಯಾಲಯಕ್ಕೆ, ಉಳಿದವರು ಸುರತ್ಕಲ್, ಮಣಿಪಾಲ, ಬೆಂಗಳೂರಿಗೆ ಹೊರಡುತ್ತಾರೆ. ಕೇಳಿದರೆ ಅವರು ಹೇಳುವುದೆಲ್ಲ ಸಣ್ಣ ಸಣ್ಣ ಸಂಗತಿ. ತನ್ನದೇ ಬೀಗದ ಕೈ ಇರುವ ಒಂದು ಕಪಾಟು. ಭಾನುವಾರ ಎಂಟರವರೆಗೆ ನಿದ್ದೆ. ಡಿಸೆಂಬರಿನಲ್ಲಿ ತಿರುವನಂತಪುರದ ಚಲನಚಿತ್ರೋತ್ಸವಕ್ಕೆ ಗೆಳತಿಯರೊಡನೆ ಸಾಲು ನಿಲ್ಲುವುದು. ತಂಪಾನೂರಿನಲ್ಲಿ ಲಾರಿ ಬೇಕರ್ ಸುರುಳಿಯಾಗಿ ಕಟ್ಟಿದ ಇಂಡಿಯನ್ ಕಾಫಿ ಹೌಸಿನಲ್ಲಿ ಕುಳಿತು ಬೀಟ್‌ರೂಟ್ ತುಂಬಿದ ಕೆಂಪು ಮಸಾಲೆ ದೋಸೆ ತಿನ್ನುವುದು. (ಉಡುಪಿ ಹೋಟೆಲಿನವರ ಮಕ್ಕಳಿಗೆ ಈ ದೋಸೆಯ ಹಂಬಲ! ಅಪ್ಪಂದಿರಿಗೆ ಇದಕ್ಕಿಂತ ದೊಡ್ಡ ಅವಮಾನವಿಲ್ಲ.) ಎಲ್ಲಕ್ಕೂ ಮಿಗಿಲಾಗಿ, "ಭಟ್ಟರ ಮಗಳು", "ಶೆಟ್ಟರ ಮಗ" ಎನ್ನದೆ ಸ್ವಂತ ಹೆಸರು ಹಿಡಿದು ಕರೆಯುವ ಒಂದು ಜಾಗ.

ಇದರಲ್ಲಿ ಹೆದರುವಂಥದು ಏನಿದೆ? ಮಗನ ವಿಷಯದಲ್ಲಿ ಯಾರೂ ಹೆದರುವುದೂ ಇಲ್ಲ. ಅವನ ಉತ್ಸಾಹಕ್ಕೆ ಧೈರ್ಯವೆಂದು ಹೆಸರು. ಸಾಲ ತೆಗೆದಾದರೂ ಅವನನ್ನು ದೂರಕ್ಕೆ ಕಳುಹಿಸುತ್ತಾರೆ. ಅವನಷ್ಟೇ ಅಥವಾ ಅವನಿಗಿಂತ ಹೆಚ್ಚು ಅಂಕ ತೆಗೆದ ಮಗಳಿಗಾದರೆ, ಮನೆಯ ಮುಂದೆ ಯಾವ ಬಸ್ಸು ಹೋಗುತ್ತದೆ, ಆ ದಾರಿಯಲ್ಲಿ ಯಾವ ಕಾಲೇಜಿದೆ ಎಂದು ನೋಡುತ್ತಾರೆ. ಅವಳು ಏನು ಓದಬೇಕೆಂಬುದು ಬಸ್ಸಿನ ದಾರಿಯ ಮೇಲೆ ನಿಶ್ಚಯವಾಗುತ್ತದೆ. "ಎರ್ನಾಕುಲದಲ್ಲೇ ಒಳ್ಳೆಯ ಕಾಲೇಜಿಲ್ಲವೆ?" ಎಂದು ಕೇಳುವವರಿದ್ದಾರೆ. ಇದೆ, 1875ರ ಮಹಾರಾಜಾಸ್ ಕಾಲೇಜಿದೆ, 1925ರ ಸೇಂಟ್ ತೆರೇಸಾಸ್ ಇದೆ. ಅವಳಾಗಿ ಅದನ್ನು ಆರಿಸಿಕೊಂಡರೆ ನಮ್ಮ ತಕರಾರಿಲ್ಲ. ಆದರೆ ಆ ಪ್ರಶ್ನೆಯನ್ನು ಮಗನಿಗೇಕೆ ಕೇಳುವುದಿಲ್ಲ?

ಹೇಗೋ ಹೋರಾಡಿ ಹಾಸ್ಟೆಲು ಸೇರಿದ ಹುಡುಗಿಯರಿಗೆ ಅಲ್ಲಿಯೂ ಇದೇ ಪಾಡು. ತ್ರಿಶ್ಶೂರಿನ ಕೇರಳವರ್ಮ ಕಾಲೇಜಿನ ಹಾಸ್ಟೆಲಿನ ಹುಡುಗಿಯರು ಸಂಜೆಯ ಸಿನಿಮಾಕ್ಕೆ ಹೋಗಬಾರದೆಂಬ ನಿಯಮವನ್ನು ರದ್ದುಮಾಡಿಸಲು 2019ರಲ್ಲಿ ಹೈಕೋರ್ಟಿಗೇ ಹೋಗಬೇಕಾಯಿತು. ಗಂಡು ಹುಡುಗರಿಗಿರುವ ಹಕ್ಕು ಹುಡುಗಿಯರಿಗೂ ಇದೆ ಎಂದು ನ್ಯಾಯಾಲಯ ಹೇಳಿತು. ಅದೇ ವರ್ಷ, ಸಂಜೆ ಆರರಿಂದ ಹತ್ತರವರೆಗೆ ಮೊಬೈಲು ಒಪ್ಪಿಸಲು ಒಲ್ಲೆನೆಂದುದಕ್ಕೆ ಹೊರಹಾಕಲ್ಪಟ್ಟ ಕೋಝಿಕ್ಕೋಡು ಜಿಲ್ಲೆಯ ಒಬ್ಬ ವಿದ್ಯಾರ್ಥಿನಿಯನ್ನು ಹಾಸ್ಟೆಲಿಗೆ ಮರಳಿ ಸೇರಿಸಿಕೊಳ್ಳಬೇಕೆಂದೂ ತೀರ್ಪಾಯಿತು. ಈ ಎರಡು ತೀರ್ಪುಗಳನ್ನೂ ಕೊಟ್ಟ ನ್ಯಾಯಾಲಯ ಇರುವುದು ಎರ್ನಾಕುಲದಲ್ಲಿ, ನಮ್ಮವರ ಹೋಟೆಲುಗಳಿಂದ ಕೂಗಳತೆಯಲ್ಲಿ. ನಮ್ಮ ಮನೆಗಳಿಗೆ ಮಾತ್ರ ಅದು ಕೇಳಿಸಿದಂತಿಲ್ಲ.

ಇನ್ನು ಬೆಂಚಿನ ಕತೆ. 2022ರ ಜುಲೈಯಲ್ಲಿ ತಿರುವನಂತಪುರದ ಎಂಜಿನಿಯರಿಂಗ್ ಕಾಲೇಜಿನ ಬಳಿಯ ಬಸ್ ತಂಗುದಾಣದಲ್ಲಿ, ಹುಡುಗ ಹುಡುಗಿಯರು ಒತ್ತಿಗೆ ಕೂರಬಾರದೆಂದು ಉದ್ದನೆಯ ಬೆಂಚನ್ನು ಕೊಯ್ದು ಮೂರು ಬಿಡಿ ಆಸನಗಳನ್ನಾಗಿ ಮಾಡಿದರು. ವಿದ್ಯಾರ್ಥಿಗಳು ಒಬ್ಬರ ತೊಡೆಯ ಮೇಲೊಬ್ಬರು ಕುಳಿತು ಫೋಟೋ ತೆಗೆಸಿಕೊಂಡರು. ಮೇಯರು ಸ್ಥಳಕ್ಕೇ ಬಂದು ಮಕ್ಕಳ ಪರವಾಗಿ ನಿಂತರು. ಊರೆಲ್ಲ ನಕ್ಕಿತು. ನಮ್ಮಲ್ಲಿ ಕೆಲವು ದೊಡ್ಡವರು ಮಾತ್ರ ಬೆಂಚು ಕೊಯ್ದವರದೇ ಸರಿ ಎಂದರು. ಆಶ್ಚರ್ಯವೇನೂ ಇಲ್ಲ; ಮನೆಯೊಳಗೆ ದಿನಾ ಗರಗಸ ಹಿಡಿದವರಿಗೆ ಹೊರಗಿನ ಗರಗಸ ತಪ್ಪಾಗಿ ಕಂಡೀತು ಹೇಗೆ?

ಕಡೆಯಲ್ಲಿ ಹೂಡುವ ಬಾಣವೊಂದಿದೆ: ಹೊರಗೆ ಹೋದರೆ ಮಕ್ಕಳು ಕನ್ನಡ ಮರೆಯುತ್ತಾರೆ ಎಂಬುದು. ಮಂಜೇಶ್ವರದ ಗೋವಿಂದ ಪೈಯವರು ಓದಲೆಂದು ಮದರಾಸಿಗೆ ಹೋದವರು, ಕನ್ನಡ ಮರೆತರೆ? 1949ರಲ್ಲಿ ಮದರಾಸು ಸರ್ಕಾರ ಅವರಿಗೆ ರಾಷ್ಟ್ರಕವಿ ಎಂಬ ಬಿರುದನ್ನೇ ಕೊಟ್ಟಿತು. ಅಷ್ಟಕ್ಕೂ ಈ ಮನೆಗಳಲ್ಲಿ ಹುಡುಗಿಯ ಕಿವಿಗೆ ಬೀಳುವ ಕನ್ನಡ ಎಂಥದು? "ಎಲ್ಲಿಗೆ ಹೊರಟೆ, ಯಾರ ಜೊತೆ, ಎಷ್ಟು ಹೊತ್ತಿಗೆ ಬರುತ್ತೀ?" ವಿಚಾರಣೆಯ ಭಾಷೆಯಾಗಿ ಬೆಳೆದ ಕನ್ನಡವನ್ನು ಬಿಟ್ಟು ಹೋಗಲು ಅವಳು ಕಾತರಳಾದರೆ ತಪ್ಪು ಯಾರದು?

ಹೊರಗಿನಿಂದ ಇಲ್ಲಿಗೆ ಓದಲು ಬರುವ ಕನ್ನಡದ ಮಕ್ಕಳೂ ಇದ್ದಾರೆಂಬುದನ್ನು ನಮ್ಮವರು ಮರೆತಿದ್ದಾರೆ. ಮಂಜೇಶ್ವರ, ಕುಂಬಳೆ, ಬದಿಯಡ್ಕದ ಕಡೆಯಿಂದ, ಕನ್ನಡ ಮಾಧ್ಯಮದಲ್ಲಿ ಓದಿ, 550 ಕಿಲೋಮೀಟರಿಗೂ ಹೆಚ್ಚು ದೂರ ಮಾವೇಲಿ ಎಕ್ಸ್‌ಪ್ರೆಸ್ಸಿನಲ್ಲಿ ರಾತ್ರಿಯಿಡೀ ಪ್ರಯಾಣ ಮಾಡಿ ತಿರುವನಂತಪುರದಲ್ಲಿ ಇಳಿಯುತ್ತಾರೆ. 1956ರಿಂದ ಕೇರಳದವರೇ ಆದರೂ ತರಗತಿಯ ಮಲಯಾಳಕ್ಕೆ ತಡವರಿಸುವ ಇವರು ಒಂದು ಕನ್ನಡದ ಮನೆಯನ್ನು ಹುಡುಕಿಕೊಂಡು ಬಂದರೆ, ನಮ್ಮವರು ಕೇಳುವ ಮೊದಲ ಪ್ರಶ್ನೆ "ನೀವು ಯಾರ ಪೈಕಿ?" ಕುಲ ವಿಚಾರಿಸುವ ಈ ಜಾಣತನಕ್ಕೆ ಅಂಜಿ ಎರಡನೆಯ ಸಲ ಅವರು ಬರುವುದಿಲ್ಲ. ಆಮೇಲೆ, ಯುವಕರು ಸಂಘದ ಕಡೆ ತಲೆ ಹಾಕುತ್ತಿಲ್ಲವೆಂದು ರಾಜ್ಯೋತ್ಸವದ ಭಾಷಣದಲ್ಲಿ ಅಳಲು!

ಈ ವರ್ಷ ನಾವು ಸದಸ್ಯರನ್ನು ಕೇಳುವುದು ಎರಡು. ಮಗಳ ಅರ್ಜಿಯಲ್ಲಿ ಕಾಲೇಜುಗಳ ಹೆಸರನ್ನು ಅವಳೇ ತುಂಬಲಿ. ಓದಲು ಬಂದ ಮಕ್ಕಳಿಗೆ ಭಾನುವಾರ ಒಂದು ಊಟ ಹಾಕಬಲ್ಲ ಮನೆಗಳವರು ಸಂಘಕ್ಕೆ ಹೆಸರು ಕೊಡಲಿ. ಪೈಕಿ ಕೇಳುವವರು ದಯವಿಟ್ಟು ಕೊಡಬೇಡಿ.