ಮೀಸಿ ನೋಡಿ ನ್ಯಾಯ ಮಾಡಬ್ಯಾಡ್ರಿ

ಹಿಂದಿನ ಐತವಾರ ಭಾಲ್ಕಿಲಿಂದ ನಮ್ಮಕ್ಕನ ಮಗಳು ಬೀದರಿಗಿ ಬಂದಿದ್ಳು. ನೆಹರು ಸ್ಟೇಡಿಯಂದಾಗ 800 ಮೀಟರ್ ಓಟ ಇತ್ತು, ಎರಡನೇ ನಂಬರ್ ಬಂದ್ಳು. ನಾ ಖುಷಿಲಿಂದ ಶೇಂಗಾ ಹೋಳಿಗಿ ಮಾಡಿ ಕುಂತಿದ್ದೆ. ಆಕಿ ಮಾರಿ ಸಣ್ಣ ಮಾಡ್ಕೊಂಡು ಬಂದು ತಾಟ್ ಸರಿಸಿಬಿಟ್ಳು.

ಯಾಕಂತ ಕೇಳಿದ್ರ, ಓಟ ಮುಗ್ದ ಮ್ಯಾಲೆ ಒಬ್ಬ ಹೆಣ್ಣುಮಗಳು ಎಲ್ಲರ ಮುಂದ, "ಈಕಿ ಮೀಸಿ ನೋಡ್ರಿ, ಹುಡುಗಿ ಹೌದೋ ಅಲ್ಲೋ ಟೆಸ್ಟ್ ಮಾಡಸ್ರಿ" ಅಂದ್ಳಂತ. ಅಂದಾಕಿ ಮೂರನೇ ನಂಬರ್ ಬಂದ ಔರಾದ ಹುಡುಗಿ ಅವ್ವ. ನಮ್ಮ ಹುಡುಗಿಗಿ ಪಿಸಿಒಡಿ ಅದಾ, ತುಟಿ ಮ್ಯಾಲೆ ಜರಾ ಕೂದಲ ಅದಾವ. ಅಷ್ಟೇ.

ಖರೇ ಹೇಳ್ತೀನಿ, ಆ ಅವ್ವನ ಮ್ಯಾಲೆ ಮೊದಲ ಸಿಟ್ಟು ಬಂತು. ಆಮ್ಯಾಲೆ ಯೋಚನಿ ಮಾಡ್ದೆ. ಆಕಿನೂ ಮಗಳಿಗಿ ಬೂಟ್ ಕೊಡ್ಸಿ, ಬಸ್ಸಿಗಿ ರೊಕ್ಕ ಹೊಂದ್ಸಿ ಕರ್ಕೊಂಡು ಬಂದಾಳ. ಮಗಳಿಗಿ ಮೋಸ ಆಗಬಾರ್ದು ಅನ್ನೋದು ತಪ್ಪಲ್ಲ.

ಟೆಸ್ಟೊಸ್ಟಿರಾನ್ ಅಂದ್ರ ಗಂಡಸರ ಹಾರ್ಮೋನ್ ಅಂತ ನಾವು ತಿಳ್ಕೊಂಡೀವಿ. ಹೆಣ್ಣುಮಕ್ಕಳ ಮೈಯಾಗೂ ಅದಾ, ಆದ್ರ ಭಾಳ ಕಮ್ಮಿ. ಒಂದು ಲೀಟರ್ ರಕ್ತದಾಗ ಹೆಣ್ಣುಮಕ್ಕಳಿಗಿ ಸಾಮಾನ್ಯವಾಗಿ 2 ನ್ಯಾನೊಮೋಲ್ ಒಳಗ, ಗಂಡಸರಿಗಿ ಸುಮಾರು 8ರಿಂದ 30. ಹರೇಕ್ಕ ಬಂದಾಗ ಗಂಡುಹುಡುಗರ ಸ್ನಾಯು, ಎಲುಬು, ಹಿಮೋಗ್ಲೋಬಿನ್ ಹೆಚ್ಚಾಗೋದು ಇದರಿಂದೇ. ಅದಕ್ಕೇ ಓಟದಾಗ ಹುಡುಗಿಯರಿಗಿ ಬ್ಯಾರೆ ಬೇಲಿ ಹಾಕ್ಯಾರ. ಆ ಬೇಲಿ ಬೇಕು. ಇಲ್ಲಂದ್ರ ಭಾಲ್ಕಿ ಹುಡುಗಿಗೂ ಮೆಡಲ್ ಇಲ್ಲ, ಔರಾದ ಹುಡುಗಿಗೂ ಇಲ್ಲ.

ಆದ್ರ ಪಿಸಿಒಡಿ ಇದ್ದಾಕಿ ಬೇಲಿ ಹೊರಗಿನಾಕಿ ಅಲ್ಲ. ಆಕಿಗಿ ಈ ಹಾರ್ಮೋನ್ ಜರಾ ಹೆಚ್ಚಿರಬಹುದು, ಗಂಡಸರಷ್ಟು ಇರೋದಿಲ್ಲ. ವರ್ಲ್ಡ್ ಅಥ್ಲೆಟಿಕ್ಸ್‌ನವರು 2018ರಾಗ 400 ಮೀಟರಿನಿಂದ ಒಂದು ಮೈಲಿ ತನಕದ ಓಟಕ್ಕ 5 ನ್ಯಾನೊಮೋಲ್ ಮಿತಿ ಇಟ್ರು. 2023ರಾಗ ಎಲ್ಲಾ ಸ್ಪರ್ಧೆಕ್ಕೂ 2.5 ಮಾಡಿದ್ರು. ಅವೆರಡೂ ಹುಟ್ಟಿನಿಂದ ಎಕ್ಸ್‌ವೈ ಕ್ರೋಮೊಸೋಮ್ ಇದ್ದು ಮೈ ಬ್ಯಾರೆ ರೀತಿ ಬೆಳೆದವರಿಗಿ ಮಾಡಿದ ನಿಯಮ, ಮೀಸಿ ಬಂದ ಹುಡುಗಿಯರಿಗಿ ಅಲ್ಲ. 2025ರ ಸೆಪ್ಟೆಂಬರಿನಿಂದ ಜಾಗತಿಕ ರ‍್ಯಾಂಕಿಂಗಿನ ಮಹಿಳಾ ಸ್ಪರ್ಧೆಗಿ ಬರೋರಿಗೆಲ್ಲಾ ಜೀವನದಾಗ ಒಂದು ಸಲ ಜೀನ್ ಪರೀಕ್ಷೆ ಅದಾ. ಒಬ್ಬಾಕಿ ಮಾರಿ ನೋಡಿ ಆಕಿಗಷ್ಟೇ ಟೆಸ್ಟ್ ಮಾಡೋದಕ್ಕಿಂತ ಎಲ್ಲರಿಗೂ ಮಾಡೋದು ಛಲೋ ಅಂತೀನಿ ನಾ.

ಆದ್ರ ಫಲಿತಾಂಶ ಯಾರ ಕೈಯಾಗ ಇರ್ತಾದ? ನನ್ನ ಚಿಂತಿ ಅದು. ತಮಿಳುನಾಡಿನ ಶಾಂತಿ ಸೌಂದರರಾಜನ್ 2006ರ ದೋಹಾ ಏಷ್ಯನ್ ಗೇಮ್ಸ್‌ದಾಗ ಇದೇ 800 ಮೀಟರಿಗಿ ಬೆಳ್ಳಿ ಗೆದ್ದಿದ್ಳು. ಲಿಂಗ ಪರೀಕ್ಷೆ ಆಯ್ತು, ಮೆಡಲ್ ಹೋಯ್ತು, ಆಕಿ ಮೈಯ ಸುದ್ದಿ ದೇಶಕ್ಕೆಲ್ಲಾ ಹಬ್ಬಿತು. ಇಟ್ಟಂಗಿ ಭಟ್ಟ್ಯಾಗ ದುಡಿಯೋ ಮನಿ ಹುಡುಗಿ ಆಕಿ. ತಿರುಗಿ ಆ ಕೆಲಸಕ್ಕೇ ಹೋದ್ಳು. ಆಕಿ ಔಷಧ ತಗೊಂಡಿದ್ದಿಲ್ಲ, ಸುಳ್ಳು ಹೇಳಿದ್ದಿಲ್ಲ.

ಒಡಿಶಾದ ನೇಕಾರರ ಮಗಳು ದ್ಯುತಿ ಚಂದ್‌ಗೂ 2014ರಾಗ ಓಡಬ್ಯಾಡ ಅಂದ್ರು. ಆಕಿ ಸುಮ್ಮ ಕೂಡಲಿಲ್ಲ, ಸ್ವಿಟ್ಜರ್ಲೆಂಡಿನ ಕ್ರೀಡಾ ನ್ಯಾಯಾಲಯಕ್ಕ ಹೋದ್ಳು. ಈ ಹಾರ್ಮೋನಿನಿಂದ ಎಷ್ಟು ಲಾಭ ಆಗ್ತಾದ ಅಂತ ಸಂಘದವರು ಸಾಬೀತು ಮಾಡಿಲ್ಲಂತ 2015ರಾಗ ಆಗಿನ ನಿಯಮ ತಡೆದ್ರು. 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ದಾಗ ಎರಡು ಬೆಳ್ಳಿ ತಂದ್ಳು.

ಅದಕ್ಕ ನಾ ಅನ್ನೋದು ಇಷ್ಟು: ನಿಯಮ ಇರ್ಲಿ, ಅದಕ್ಕ ಪುರಾವಿ ಇರ್ಲಿ. ಓಟಕ್ಕಿಂತ ಮೊದಲೇ, ಡಾಕ್ಟರ ಕೋಣ್ಯಾಗ, ಬಾಗಿಲ ಮುಚ್ಚಿ ಪರೀಕ್ಷೆ ಆಗ್ಲಿ. ಗೆರಿ ದಾಟಿದ ಮ್ಯಾಲೆ ಮಂದ್ಯಾಗ ನಿಂತು ಕೇಳೋದಲ್ಲ. ತಾಲೂಕು, ಜಿಲ್ಲಾ ಓಟದಾಗ ಹುಡುಗಿ ಮಾರಿ ನೋಡಿ ಮಾತಾಡೋ ಹಕ್ಕು ಯಾರಿಗೂ ಇಲ್ಲ, ಅವ್ವಗಳಿಗೂ ಇಲ್ಲ.

ಇದೆಲ್ಲಾ ಹೇಳಿದೆ. ಹುಡುಗಿ ಸುಮ್ಮ ಕೇಳಿ, "ಮೌಶಿ, ನಂದೂ ಶಾಂತಿ ಹಂಗೇ ಬಂದಿದ್ರ?" ಅಂದ್ಳು.

ಜರಾ ತಡದೆ. "ಆ ಓಟ ತಪ್ಪಬಹುದವ್ವ. ಈ ಮನಿ, ಈ ತಾಟ್ ತಪ್ಪಾಂಗಿಲ್ಲ" ಅಂದೆ. ಅರ್ಧ ಹೋಳಿಗಿ ತಿಂದ್ಳು. ಉಳಿದರ್ಧ ಕಟ್ಟಿಕೊಟ್ಟು ಸಂಜಿ ಬಸ್ಸಿಗಿ ಕಳಿಸಿದೆ.